ಕೆಲ್ಲಿ ಹೋದರು, ಫ್ರೀಮನ್ ಬಂದರು: ನೋಟರ್ ಡೇಮ್ ಜಗಳದ ಹಿಂದಿನ ಕಥೆ

ನೋಟರ್ ಡೇಮ್ ಫುಟ್‌ಬಾಲ್ ಅಭಿಮಾನಿಗಳ ನಡುವೆ ಎರಡು ಜಗಳ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. 2021ರಲ್ಲಿ ಹೆಡ್ ಕೋಚ್ ಬ್ರಯನ್ ಕೆಲ್ಲಿ ತಂಡವನ್ನು ನಡುವೆಯೇ ಬಿಟ್ಟು ಹೋದದ್ದು ಸರಿಯಾ ಅನ್ನುವುದು ಒಂದು. ಹಿಂದೆಂದೂ ಹೆಡ್ ಕೋಚ್ ಆಗಿರದ ಮಾರ್ಕಸ್ ಫ್ರೀಮನ್ ಕೈಗೆ ಇಂಥ ತಂಡ ಕೊಡಬಹುದಿತ್ತಾ ಅನ್ನುವುದು ಇನ್ನೊಂದು. ಮೊದಲನೆಯದರ ಸಿಟ್ಟನ್ನು ಎರಡನೆಯದರ ಮೇಲೆ ತೀರಿಸಿಕೊಂಡವರು ತುಂಬ ಜನ. ಹಾಗಾಗಿ ಹೊಸದಾಗಿ ನೋಡುವವರಿಗೆ ಬುಡ ತುದಿ ಗೊತ್ತಾಗುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕನ್ ಫುಟ್‌ಬಾಲ್. ನೋಟರ್ ಡೇಮ್ ಇರುವುದು ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ. ಕ್ಯಾಥೊಲಿಕ್ ಪಾದ್ರಿಗಳು ಕಟ್ಟಿದ ಖಾಸಗಿ ವಿಶ್ವವಿದ್ಯಾಲಯ. ಅಲ್ಲಿನ ಸ್ಟೇಡಿಯಂನಲ್ಲಿ 77 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಅಲ್ಲಿ ಒಂದು ದಿನವೂ ಓದದೆ ತಂಡವನ್ನು ಹಚ್ಚಿಕೊಂಡವರು ದೇಶದ ತುಂಬ ಇದ್ದಾರೆ. ಆಟಗಾರರು ನಾಲ್ಕೈದು ವರ್ಷದಲ್ಲಿ ಹೊರಟುಹೋಗುತ್ತಾರೆ. ಉಳಿಯುವವರು ಕೋಚ್. ಹೊಗಳಿಕೆ, ಬೈಗುಳ ಎರಡೂ ಅವರಿಗೇ.

ಹೊಸಬರ ಬಗ್ಗೆ ಅಲ್ಲಿ ಇರುವ ಭಯ ಸುಮ್ನೆ ಹುಟ್ಟಿದ್ದಲ್ಲ. ಹಿಂದಿನ ಕೋಚ್ ಫ್ರಾಂಕ್ ಲೇಹಿ 4 ರಾಷ್ಟ್ರೀಯ ಪ್ರಶಸ್ತಿ (ಕಾಲೇಜು ತಂಡಗಳ ಚಾಂಪಿಯನ್ ಪಟ್ಟ) ಗೆದ್ದು, ಆರೋಗ್ಯ ಕೆಟ್ಟು 1953ರ ಸೀಸನ್ ಮುಗಿದ ಮೇಲೆ ಬಿಟ್ಟರು. ಅವರ ಜಾಗಕ್ಕೆ ಬಂದ ಟೆರಿ ಬ್ರೆನನ್‌ಗೆ ಆಗ ಬರೀ 25 ವರ್ಷ. ಶಿಕಾಗೋದ ಒಂದು ಹೈಸ್ಕೂಲ್ ತಂಡಕ್ಕೆ, ಆಮೇಲೆ ನೋಟರ್ ಡೇಮ್‌ನ ಮೊದಲ ವರ್ಷದ ಹುಡುಗರಿಗೆ ಕೋಚ್ ಆಗಿದ್ದವರು. ಮೊದಲ ವರ್ಷ 9 ಗೆಲುವು, 1 ಸೋಲು. 1956ರಲ್ಲಿ ಉಲ್ಟಾ ಆಯಿತು: 2 ಗೆಲುವು, 8 ಸೋಲು. ಮರುವರ್ಷ ಒಕ್ಲಹೋಮಾದ ಸತತ 47 ಗೆಲುವುಗಳ ಓಟವನ್ನು ನಿಲ್ಲಿಸಿದ್ದೂ ಇದೇ ಬ್ರೆನನ್ ತಂಡ. ಆದರೂ 1958ರ ಕ್ರಿಸ್‌ಮಸ್‌ಗೆ ಮುಂಚೆ ಅವರನ್ನು ಮನೆಗೆ ಕಳಿಸಿದರು. ಅವರ ಕಾಲದಲ್ಲಿ ವಿಶ್ವವಿದ್ಯಾಲಯವೇ ಫುಟ್‌ಬಾಲ್‌ಗಿಂತ ಓದಿಗೆ ಒತ್ತು ಕೊಡಲು ಹೊರಟಿತ್ತು ಅನ್ನುವುದನ್ನು ಈ ಲೆಕ್ಕ ಹೇಳುವವರು ಮರೆಯುತ್ತಾರೆ.

1981ರಲ್ಲಿ ಗೆರಿ ಫಾಸ್ಟ್ ಬಂದರು, ನೇರವಾಗಿ ಹೈಸ್ಕೂಲ್‌ನಿಂದ. 5 ವರ್ಷ, 30 ಗೆಲುವು, 26 ಸೋಲು, 1 ಡ್ರಾ. ಲೂ ಹೋಲ್ಟ್ಸ್ ಕಾಲದಲ್ಲಿ, 1988ರಲ್ಲಿ, ಕೊನೆಯ ರಾಷ್ಟ್ರೀಯ ಪ್ರಶಸ್ತಿ ಬಂತು. ಅವರ ನಂತರ ಬಾಬ್ ಡೇವಿ, ಸ್ವಲ್ಪ ಕಾಲ ಬಿಟ್ಟು ಚಾರ್ಲಿ ವೈಸ್. ಇಬ್ಬರಿಗೂ ಕಾಲೇಜಿನ ಹೆಡ್ ಕೋಚ್ ಆಗಿ ಅದೇ ಮೊದಲ ಕೆಲಸ, ಇಬ್ಬರೂ ನಿಲ್ಲಲಿಲ್ಲ. 'ಇಲ್ಲಿ ಕಲಿಯೋಕೆ ಬರಬಾರದು, ಕಲಿತು ಬರಬೇಕು' ಅನ್ನುವ ಭಾವನೆ ಹೀಗೆ ಗಟ್ಟಿಯಾಯಿತು.

2010ರಲ್ಲಿ ಬಂದ ಕೆಲ್ಲಿ ಈ ಅರ್ಥದಲ್ಲಿ ಪಕ್ಕಾ ಕಲಿತು ಬಂದವರು. ಚಿಕ್ಕ ಕಾಲೇಜಿನಿಂದ ಶುರುಮಾಡಿ ಸಿನ್ಸಿನಾಟಿವರೆಗೆ ಸುಮಾರು 20 ವರ್ಷ ಹೆಡ್ ಕೋಚ್ ಆಗಿದ್ದರು. ಇಲ್ಲೊಂದು ಮಾತು ಹೇಳಲೇಬೇಕು. ಸಿನ್ಸಿನಾಟಿ ಒಂದೂ ಸೋಲಿಲ್ಲದೆ ಸೀಸನ್ ಕೊನೆಯ ದೊಡ್ಡ ಪಂದ್ಯಗಳಲ್ಲೊಂದಾದ ಶುಗರ್ ಬೌಲ್‌ಗೆ ಹೊರಟಿದ್ದಾಗಲೇ ಕೆಲ್ಲಿ ಆ ತಂಡ ಬಿಟ್ಟು ಸೌತ್ ಬೆಂಡ್‌ಗೆ ಬಂದಿದ್ದರು. ಕೋಚ್ ಇಲ್ಲದ ಆ ತಂಡ ಫ್ಲೋರಿಡಾ ಎದುರು 51–24ರಲ್ಲಿ ಸೋತಿತು. ಆಗ ನೋಟರ್ ಡೇಮ್ ಕಡೆಯವರು ನೀತಿ ಮಾತಾಡಿದ್ದು ಕಡಿಮೆ. ಒಳ್ಳೆ ಕೋಚ್ ಸಿಕ್ಕಿದ ಖುಷಿಯಲ್ಲಿದ್ದರು, ಅಷ್ಟೇ.

ಕೆಲ್ಲಿ ಗೆದ್ದರು. 2012ರಲ್ಲಿ ಪ್ರಶಸ್ತಿ ಪಂದ್ಯದವರೆಗೆ ಹೋಗಿ ಅಲಬಾಮಾ ಎದುರು 42–14ರಲ್ಲಿ ಸೋತರು. 2016ರಲ್ಲಿ 4 ಗೆಲುವು, 8 ಸೋಲು. ಆಗಲೂ ಅವರನ್ನು ಉಳಿಸಿಕೊಂಡರು. ಆಮೇಲೆ ಸತತ 5 ವರ್ಷ ಹತ್ತು ಅಥವಾ ಜಾಸ್ತಿ ಗೆಲುವು. 2018 ಮತ್ತು 2020ರಲ್ಲಿ, ಪ್ರಶಸ್ತಿಗಾಗಿ ಆಗ 4 ತಂಡಗಳು ಸೆಣಸುತ್ತಿದ್ದ ಪ್ಲೇಆಫ್‌ಗೆ ಹೋಗಿ ಎರಡು ಸಲವೂ ಮೊದಲ ಪಂದ್ಯದಲ್ಲೇ ದೊಡ್ಡ ಅಂತರದಲ್ಲಿ ಮುಗ್ಗರಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ನೋಟರ್ ಡೇಮ್‌ನ ಹಳೆಯ ಹೆಸರಾಂತ ಕೋಚ್ ಕ್ನೂಟ್ ರಾಕ್ನಿಯವರ 105 ಗೆಲುವುಗಳನ್ನು ದಾಟಿದರು. 2012 ಮತ್ತು 2013ರ 21 ಗೆಲುವುಗಳನ್ನು ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ದಾಖಲೆಯಿಂದ ತೆಗೆದುಹಾಕಿತ್ತು. ಆದ್ದರಿಂದ ಆ ದಾಖಲೆಯನ್ನು ಒಪ್ಪಬೇಕಾ ಬೇಡವಾ ಅಂತ ಇನ್ನೊಂದು ಜಗಳ. ಅದು ಇಲ್ಲಿ ಬೇಡ.

ಅಸಲಿ ಗಲಾಟೆ ಆದದ್ದು ಆ ನವೆಂಬರ್ ಕೊನೆಯ ವಾರ. ತಂಡ 11 ಗೆದ್ದು, ಒಂದೇ ಒಂದು ಸೋತಿತ್ತು. ಪ್ಲೇಆಫ್‌ನ 4 ತಂಡಗಳ ಪಟ್ಟಿ ಇನ್ನೂ ಬಂದಿರಲಿಲ್ಲ. ಬೇರೆ ಕಡೆ ಹೋಗುತ್ತೀರಾ ಅಂತ ಕೇಳಿದ್ದಕ್ಕೆ, ಯಾವುದಾದರೂ ದೇವತೆ 25 ಕೋಟಿ ಡಾಲರ್ ಚೆಕ್ ಹಿಡಿದು ಬಂದರೆ ನೋಡೋಣ ಅನ್ನುವ ಧಾಟಿಯಲ್ಲಿ ಕೆಲ್ಲಿ ನಕ್ಕು ಮಾತಾಡಿದ್ದರು. ಕೆಲವೇ ದಿನದಲ್ಲಿ, 29ರ ರಾತ್ರಿ, ಅವರು ಲೂಸಿಯಾನಾ ರಾಜ್ಯದ ವಿಶ್ವವಿದ್ಯಾಲಯ ಎಲ್‌ಎಸ್‌ಯುಗೆ ಹೊರಟಿರುವ ಸುದ್ದಿ ಬಂತು. 10 ವರ್ಷ, 9.5 ಕೋಟಿ ಡಾಲರ್. ಹುಡುಗರಿಗೆ ವಿಷಯ ಗೊತ್ತಾದದ್ದು ಸುದ್ದಿ ಮತ್ತು ಮೆಸೇಜ್ ಮೂಲಕ. ಮರುದಿನ ಬೆಳಗ್ಗೆ 7ಕ್ಕೆ ಮೀಟಿಂಗ್. ಕೆಲವೇ ನಿಮಿಷದಲ್ಲಿ ಮುಗಿದೇ ಹೋಯಿತು. ಅದರ ಮರುದಿನವೇ ಲೂಸಿಯಾನಾದ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಮೈಕ್ ಹಿಡಿದು, ದಕ್ಷಿಣದವರ ಉಚ್ಚಾರಣೆಯಲ್ಲಿ 'ಫ್ಯಾಮಿಲಿ' ಅಂದರು. ಮ್ಯಾಸಚೂಸೆಟ್ಸ್‌ನಲ್ಲಿ ಬೆಳೆದವರ ಬಾಯಲ್ಲಿ ಆ ಉಚ್ಚಾರಣೆ! ವಿಡಿಯೊ ಊರೆಲ್ಲ ಓಡಾಡಿತು.

ಅವರ ಪರ ವಾದವೂ ಇತ್ತು. ಓದಿನಲ್ಲಿ ಇಷ್ಟು ಕಟ್ಟುನಿಟ್ಟು ಇರುವ ಕಾಲೇಜಿನಲ್ಲಿ ಅಲಬಾಮಾ, ಜಾರ್ಜಿಯಾಗಳಂಥ ಆಟಗಾರರನ್ನು ಸೇರಿಸಿಕೊಳ್ಳುವುದು ಕಷ್ಟ. 12 ವರ್ಷ ಪ್ರಯತ್ನಪಟ್ಟವರು ಪ್ರಶಸ್ತಿ ಸಿಗುವ ಕಡೆ ಹೋದರೆ ತಪ್ಪೇನು? ಕೆಲಸ ಬದಲಾಯಿಸುವುದು ಯಾರಿಗೂ ಹೊಸದಲ್ಲವಲ್ಲ. ಈ ವಾದ ಒಪ್ಪಬಹುದು. ಆದರೆ ಆ ಹುಡುಗರಿಗೆ ಇನ್ನೊಂದು ವಾರ ಕೊಟ್ಟಿದ್ದರೆ ಏನು ಕಳೆದುಹೋಗುತ್ತಿತ್ತು ಅನ್ನುವುದಕ್ಕೆ ಈ ಕಡೆಯವರ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ಪಟ್ಟಿ ಬಂದಾಗ ನೋಟರ್ ಡೇಮ್ 5ನೇ ಸ್ಥಾನದಲ್ಲಿತ್ತು. 4ನೆಯದು ಸಿನ್ಸಿನಾಟಿ.

ಅಷ್ಟರಲ್ಲಿ, ಡಿಸೆಂಬರ್ 3ಕ್ಕೆ, ಫ್ರೀಮನ್ ಹೆಸರು ಘೋಷಣೆಯಾಗಿತ್ತು. ವಯಸ್ಸು 35. ಒಹಾಯೊ ಸ್ಟೇಟ್‌ನಲ್ಲಿ ಆಡಿದವರು. ಹೃದಯದ ತೊಂದರೆ ಪತ್ತೆಯಾಗಿ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಕನಸು ಬಿಟ್ಟು ಕೋಚಿಂಗ್‌ಗೆ ಬಂದವರು. ಸಿನ್ಸಿನಾಟಿಯಲ್ಲಿ ಡಿಫೆನ್ಸ್ ನೋಡಿಕೊಂಡಿದ್ದರು. ಸೌತ್ ಬೆಂಡ್‌ಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಆಟಗಾರರಿಗೆ ಅವರೇ ಬೇಕಿತ್ತು. ಹೆಸರು ಹೇಳಿದ ಕೂಡಲೇ ಹುಡುಗರು ಮುತ್ತಿಕೊಂಡು ಕುಣಿದ ದೃಶ್ಯ ಎಲ್ಲರೂ ನೋಡಿದರು. ಹುಡುಗರ ಪ್ರೀತಿ ನೋಡಿ ಕೋಚ್ ಆರಿಸುವುದಾ ಅಂತ ಹಳಬರು ಗೊಣಗಿದರು. ಬ್ರೆನನ್, ಫಾಸ್ಟ್, ಡೇವಿ, ವೈಸ್ ಎಂಬ ನಾಲ್ಕು ಹೆಸರು ಮತ್ತೆ ಹೊರಬಂದವು.

ಮೊದಲ ಪಂದ್ಯವೇ ಗೊಣಗಿದವರಿಗೆ ಸಾಕ್ಷಿ ಒದಗಿಸಿತು. 2022ರ ಜನವರಿ 1, ಫಿಯೆಸ್ಟಾ ಬೌಲ್. ಒಕ್ಲಹೋಮಾ ಸ್ಟೇಟ್ ಎದುರು 28–7ರಿಂದ ಮುಂದಿದ್ದವರು 37–35ರಲ್ಲಿ ಸೋತರು. ಸೆಪ್ಟೆಂಬರ್‌ನಲ್ಲಿ ತಾವೇ ಓದಿದ ಒಹಾಯೊ ಸ್ಟೇಟ್ ಎದುರು ಸೋಲು; ಅದು ನಿರೀಕ್ಷಿತ. ಮರುವಾರ ಮನೆಯಂಗಳದಲ್ಲಿ ಸಣ್ಣ ತಂಡ ಮಾರ್ಶಲ್ ಎದುರು 26–21ರ ಸೋಲು. ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಮೊದಲ ಮೂರೂ ಪಂದ್ಯ ಸೋತ ನೋಟರ್ ಡೇಮ್ ಕೋಚ್ ಅವರಿಗಿಂತ ಮುಂಚೆ ಇರಲಿಲ್ಲ. ಅನುಭವ ಇಲ್ಲದವನಿಗೆ ಕೊಟ್ಟರೆ ಇದೇ ಆಗೋದು ಅಂದವರೇ ಎಲ್ಲ ಕಡೆ.

ನವೆಂಬರ್ 5ರ ಶನಿವಾರ ಮಾತ್ರ ಎರಡೂ ಪಕ್ಷದವರ ಬಾಯಿ ಮುಚ್ಚಿಸಿತು. ಅವತ್ತು ಫ್ರೀಮನ್ ತಂಡ ಕ್ಲೆಮ್ಸನ್ ತಂಡವನ್ನು 35–14ರಲ್ಲಿ ಬಡಿಯಿತು. ಅದೇ ದಿನ ಕೆಲ್ಲಿಯವರ ಎಲ್‌ಎಸ್‌ಯು ಅಲಬಾಮಾವನ್ನು 32–31ರಲ್ಲಿ ಸೋಲಿಸಿತು. ಹೋದದ್ದೂ ಸರಿ, ಬಂದದ್ದೂ ಸರಿ ಅನ್ನಿಸಿದ ಒಂದು ದಿನ.

ಆಮೇಲಿನದು ಏರಿಳಿತ. 2023ರಲ್ಲಿ ಒಹಾಯೊ ಸ್ಟೇಟ್ ಎದುರು ಕೊನೇ ಕ್ಷಣದಲ್ಲಿ ಮೈದಾನದಲ್ಲಿ 11ರ ಬದಲು 10 ಜನರನ್ನಿಟ್ಟು ಸೋತರು. ಹೊಸಬರ ತಪ್ಪು ಅನ್ನಲು ಇದಕ್ಕಿಂತ ಬೇಕಾ? 2024ರಲ್ಲಿ ಇನ್ನೊಂದು ಸಣ್ಣ ತಂಡ ನಾರ್ದರ್ನ್ ಇಲಿನಾಯ್ ಎದುರು 16–14ರ ಸೋಲು. ಅಲ್ಲಿಂದ ಮುಂದೆ ಸತತ 13 ಗೆಲುವು. ಇಂಡಿಯಾನಾ, ಜಾರ್ಜಿಯಾ, ಪೆನ್ ಸ್ಟೇಟ್ ದಾಟಿ 2025ರ ಜನವರಿಯಲ್ಲಿ ಪ್ರಶಸ್ತಿ ಪಂದ್ಯ. ಒಹಾಯೊ ಸ್ಟೇಟ್ ಎದುರು 34–23ರಲ್ಲಿ ಸೋತರೂ, ಅಲ್ಲಿಗೆ ತಂಡ ಒಯ್ದ ಮೊದಲ ಕಪ್ಪು ವರ್ಣೀಯ ಹೆಡ್ ಕೋಚ್ ಅವರು. ಮಾರ್ಶಲ್ ಸೋಲಿನ ರಾತ್ರಿಯೇ ಲೆಕ್ಕ ಮುಗಿಸಿಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ ಅಲ್ವಾ? 2016ರಲ್ಲಿ ಕೆಲ್ಲಿಗೆ ತಿದ್ದಿಕೊಳ್ಳಲು ಸಮಯ ಸಿಕ್ಕಿತ್ತು. ಆ ಸಮಯ ಈ ಸಲ ಹೊಸಬನಿಗೂ ಸಿಕ್ಕಿತು.

ಕೆಲ್ಲಿ ಎಲ್‌ಎಸ್‌ಯುನಲ್ಲಿ ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಅವರನ್ನು ತೆಗೆದರು. ಸೌತ್ ಬೆಂಡ್‌ನಲ್ಲಿ ಕೆಲವರು ಖುಷಿಪಟ್ಟರು, ಅದು ಸ್ವಲ್ಪ ಜಾಸ್ತಿಯೇ ಆಯಿತು. ಅದೇ ಸೀಸನ್‌ನಲ್ಲಿ ಫ್ರೀಮನ್ ಮೊದಲೆರಡು ಸೋತು, ಉಳಿದ ಹತ್ತೂ ಗೆದ್ದರೂ ತಂಡಕ್ಕೆ ಪ್ಲೇಆಫ್ ಸಿಗಲಿಲ್ಲ. ಈಗ ಚಳಿಗಾಲ ಬಂದರೆ ಎನ್‌ಎಫ್‌ಎಲ್ ತಂಡಗಳ ಜೊತೆ ಫ್ರೀಮನ್ ಹೆಸರು ಕೇಳಿಬರುತ್ತದೆ. 'ಇವನಿಗೇನು ಗೊತ್ತು' ಅನ್ನುತ್ತಿದ್ದವರಲ್ಲೂ ಈಗ ಕೆಲವರು, ಇವನು ಹೋದರೆ ಯಾರು ಬರಬೇಕು ಅಂತ ವಾದ ಶುರುಮಾಡಿದ್ದಾರೆ.