ದೀಪದಲ್ಲಿ ಕಾಣುವುದು ಯಾವ ಅರಮನೆ? ವೊಲ್ಜಿ ಕೊಳದ ಹದಿಮೂರೂವರೆ ಶತಮಾನ

ದಕ್ಷಿಣ ಕೊರಿಯಾದ ಗ್ಯೊಂಗ್‌ಜು ನಗರಕ್ಕೆ ಹೋದವರು ಕತ್ತಲಾದ ಮೇಲೆ ಹುಡುಕಿಕೊಂಡು ಹೋಗುವ ಜಾಗ ದೊಂಗ್‌ಗುಂಗ್ ಅರಮನೆ ಮತ್ತು ವೊಲ್ಜಿ ಕೊಳ. ರಾತ್ರಿ ಹತ್ತರವರೆಗೆ ತೆರೆದಿರುವ ಈ ಆವರಣದಲ್ಲಿ ದಡದ ಮಂಟಪಗಳಿಗೂ ಕಲ್ಲುಗೋಡೆಗೂ ಮರಗಳಿಗೂ ಬೆಳಕು ಹಾಯಿಸಿರುತ್ತಾರೆ. ಗಾಳಿಯಿಲ್ಲದ ರಾತ್ರಿಗಳಲ್ಲಿ ನೀರಿನೊಳಗೆ ಇನ್ನೊಂದು ಅರಮನೆಯೇ ತಲೆಕೆಳಗಾಗಿ ನಿಂತಂತೆ ಕಾಣುತ್ತದೆ. ಹೀಗೆ ಬೆಳಗುವ ಮೂರು ಮಂಟಪಗಳು ಕಳೆದ ಶತಮಾನದಲ್ಲಿ, 1980ರ ಹೊತ್ತಿಗೆ ಎದ್ದವು. ಅವುಗಳನ್ನು ಪ್ರತಿಬಿಂಬಿಸುವ ಕೊಳವನ್ನು ತೋಡಿಸಿದ್ದು 674ರಲ್ಲಿ. ಇವೆರಡರ ನಡುವಿನ ಅಂತರ ಹೇಗೆ ಉಂಟಾಯಿತು ಎಂಬುದು ಫೋಟೊಗಳಲ್ಲಿ ಸಿಗದ ಸಂಗತಿ.

ಗ್ಯೊಂಗ್‌ಜುವೇ ರಾಜಧಾನಿಯಾಗಿದ್ದ ಸಿಲ್ಲಾ ರಾಜ್ಯದ ಅರಸ ಮುನ್‌ಮು ತನ್ನ ಆಳ್ವಿಕೆಯ 14ನೇ ವರ್ಷದಲ್ಲಿ ಅರಮನೆಯೊಳಗೆ ಕೊಳ ತೋಡಿಸಿ, ಗುಡ್ಡಗಳನ್ನು ಎಬ್ಬಿಸಿ, ಹೂಗಿಡಗಳನ್ನು ನೆಡಿಸಿ, ಅಪರೂಪದ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಸಾಕಿಸಿದನೆಂದು 1145ರಲ್ಲಿ ಸಿದ್ಧವಾದ ‘ಸಮ್‌ಗುಕ್ ಸಾಗಿ’ ಎಂಬ ಇತಿಹಾಸಗ್ರಂಥ ದಾಖಲಿಸುತ್ತದೆ. ಕಾಲವನ್ನು ಗಮನಿಸಬೇಕು. ಚೀನಾದ ತಾಂಗ್ ಸಾಮ್ರಾಜ್ಯದ ನೆರವಿನಿಂದ ನೆರೆರಾಜ್ಯಗಳಾದ ಬೆಕ್‌ಜೆಯನ್ನೂ, 668ರಲ್ಲಿ ಗೊಗುರ್ಯೊವನ್ನೂ ಸೋಲಿಸಿದ್ದ ಸಿಲ್ಲಾ, ಆ ಬಳಿಕ ನೆರವು ನೀಡಿದ ತಾಂಗ್‌ನೊಂದಿಗೇ ಹೋರಾಡುತ್ತಿತ್ತು. ಆ ಯುದ್ಧ ಮುಗಿದದ್ದು 676ರಲ್ಲಿ. ಎಂದರೆ ಯುದ್ಧದ ನಡುವೆಯೇ ಉದ್ಯಾನದ ಕೆಲಸ ನಡೆದಿದೆ. ಅದನ್ನು ಬರೀ ವಿಲಾಸವೆನ್ನುವುದಕ್ಕಿಂತ, ಪರ್ಯಾಯ ದ್ವೀಪದ ಬಹುಭಾಗಕ್ಕೆ ಒಡೆಯನಾಗಿ ಹೊರಟವನು ಮಾಡಿದ ಘೋಷಣೆ ಎನ್ನುವುದು ಹೆಚ್ಚು ಸರಿಯೆನಿಸುತ್ತದೆ. ಯುವರಾಜನಿಗಾಗಿ ಪೂರ್ವದ ಅರಮನೆ, ಅಂದರೆ ದೊಂಗ್‌ಗುಂಗ್, ಕಟ್ಟಿದ್ದು 679ರಲ್ಲಿ.

ಕೊಳದ ವಿನ್ಯಾಸದಲ್ಲಿ ಅಸಾಧಾರಣ ಜಾಣ್ಮೆಯಿದೆ. ಅದರ ವಿಸ್ತೀರ್ಣ ಸುಮಾರು 15,600 ಚದರ ಮೀಟರ್ ಮಾತ್ರ. ಕಟ್ಟಡಗಳಿದ್ದ ಪಶ್ಚಿಮ ಮತ್ತು ದಕ್ಷಿಣದ ದಡಗಳು ನೇರ ರೇಖೆಯಲ್ಲಿವೆ. ಉತ್ತರ ಮತ್ತು ಪೂರ್ವದ ದಡಗಳು ಕೊಲ್ಲಿ, ಭೂಶಿರಗಳಂತೆ ಒಳಹೊರಗೆ ಬಳುಕುತ್ತವೆ. ನಡುವೆ ಮೂರು ದ್ವೀಪಗಳು. ಹೀಗಾಗಿ ದಡದ ಯಾವ ಜಾಗದಲ್ಲಿ ನಿಂತರೂ ಇಡೀ ಕೊಳ ಒಮ್ಮೆಲೇ ಕಣ್ಣಿಗೆ ಬೀಳುವುದಿಲ್ಲ, ಕೊನೆ ಕಾಣದ ನೀರು ಸಮುದ್ರದ ಭ್ರಮೆ ಹುಟ್ಟಿಸುತ್ತದೆ. ದಡದ ಮುಖ್ಯ ಸಭಾಂಗಣವನ್ನು ಸಮುದ್ರಕ್ಕೆ ಮುಖ ಮಾಡಿದ ಭವನವೆಂಬ ಅರ್ಥದಲ್ಲಿ ಇಮ್ಹೆಜೊನ್ ಎಂದು ಕರೆದಿದ್ದು ಸುಮ್ಮನೆ ಅಲ್ಲ. ನೀರು ಆಗ್ನೇಯ ಮೂಲೆಯಲ್ಲಿ ಕಲ್ಲಿನ ತೊಟ್ಟಿಗಳನ್ನು ಹಾಯ್ದು ಕೊಳಕ್ಕಿಳಿಯುತ್ತಿತ್ತು.

ಇದೇ ಇಮ್ಹೆಜೊನ್‌ನಲ್ಲಿ 931ರಲ್ಲಿ ನಡೆದ ಔತಣ ಸಿಲ್ಲಾದ ಕೊನೆಯ ದಿನಗಳ ಚಿತ್ರ. ಅದಕ್ಕೆ ನಾಲ್ಕು ವರ್ಷ ಮೊದಲು ಶತ್ರುಸೇನೆ ರಾಜಧಾನಿಗೇ ನುಗ್ಗಿ ಅರಸನನ್ನು ಬಲಿ ತೆಗೆದುಕೊಂಡಿತ್ತು. ಆನಂತರ ಪಟ್ಟಕ್ಕೆ ಬಂದ ಗ್ಯೊಂಗ್‌ಸುನ್, ಗೊರ್ಯೊ ರಾಜ್ಯದ ಸ್ಥಾಪಕ ವಾಂಗ್ ಗೊನ್‌ನನ್ನು ಇಲ್ಲಿ ಸತ್ಕರಿಸುತ್ತ ತನ್ನ ನಾಡಿನ ದುರ್ಗತಿಯನ್ನು ನೆನೆದು ಅತ್ತನೆಂದೂ, ಅತಿಥಿಯೂ ಕಣ್ಣೀರಿಟ್ಟನೆಂದೂ ದಾಖಲೆಯಿದೆ. 935ರಲ್ಲಿ ಗ್ಯೊಂಗ್‌ಸುನ್ ಅದೇ ಅತಿಥಿಗೆ ರಾಜ್ಯವನ್ನು ಒಪ್ಪಿಸಿದ. ಅಳುವ ಆತಿಥೇಯ ಮತ್ತು ಅಳುವ ಉತ್ತರಾಧಿಕಾರಿಯ ಈ ಚಿತ್ರ ಗೆದ್ದವರ ಕಡೆಯಿಂದ ಬಂದದ್ದು ಎಂಬುದನ್ನೂ ಮರೆಯಬಾರದು.

ರಾಜಧಾನಿಯ ಪಟ್ಟ ಹೋದ ಮೇಲೆ ಕಟ್ಟಡಗಳು ಅಳಿದವು. ಗೊರ್ಯೊ ನಂತರ ಬಂದ ಜೊಸೊನ್ ರಾಜವಂಶದ ಕಾಲಕ್ಕೆ ಬಾತುಗಳೂ ಕಾಡುಹೆಬ್ಬಾತುಗಳೂ ಇಳಿಯುವ ಪಾಳು ನೀರನ್ನು ಜನ ಅನಾಪ್‌ಜಿ ಎಂದು ಕರೆದರು. ಜಪಾನಿನ ಆಡಳಿತದಲ್ಲಿ ರೈಲು ಮಾರ್ಗವೊಂದು ಪಕ್ಕದಲ್ಲೇ ಹಾದುಹೋಯಿತು. ಆ ಹಳಿಗಳ ಮೇಲೆ 2021ರ ಡಿಸೆಂಬರ್‌ವರೆಗೂ ರೈಲು ಓಡಿತು.

ತಿರುವು ಬಂದದ್ದು 1970ರ ದಶಕದಲ್ಲಿ, ಅಧ್ಯಕ್ಷ ಪಾರ್ಕ್ ಚುಂಗ್ ಹೀ ಸರ್ಕಾರ ಗ್ಯೊಂಗ್‌ಜುವನ್ನು ಪ್ರವಾಸಿ ನಗರವಾಗಿಸಲು ಹೊರಟಾಗ. 1974ರಲ್ಲಿ ಆರಂಭವಾದದ್ದು ಉತ್ಖನನವಲ್ಲ, ಬರೀ ಹೂಳೆತ್ತುವ ಕೆಲಸ. ಕೆಸರಿನಿಂದ ಸಿಲ್ಲಾ ಕಾಲದ ಹೆಂಚುಗಳು ಮೇಲೆ ಬರತೊಡಗಿದಾಗ ಕೆಲಸ ಪುರಾತತ್ತ್ವಜ್ಞರ ಕೈಗೆ ಹೋಯಿತು. 1975–76ರಲ್ಲಿ ಸುಮಾರು 33,000 ವಸ್ತುಗಳು ದೊರೆತವು. ಗ್ಯೊಂಗ್‌ಜುವಿನ ಗೋರಿದಿಬ್ಬಗಳು ಕೊಟ್ಟಿದ್ದು ಸತ್ತವರೊಡನೆ ಹೂತ ಚಿನ್ನದ ಕಿರೀಟಗಳನ್ನು. ಈ ಕೊಳ ಕೊಟ್ಟಿದ್ದು ಬದುಕಿದ್ದವರು ಬಳಸಿ ಬೀಳಿಸಿದ್ದನ್ನು. ಮರದ ದೋಣಿ, ಬತ್ತಿ ಕತ್ತರಿಸುವ ಚಿನ್ನದ ಲೇಪದ ಕಂಚಿನ ಕತ್ತರಿ, ಶಾಯಿಯಲ್ಲಿ ಬರೆದ ಮರದ ಚೀಟಿಗಳು ಅವುಗಳಲ್ಲಿದ್ದವು. ಹದಿನಾಲ್ಕು ಮುಖಗಳ ಮರದ ದಾಳವೊಂದು ಎಲ್ಲಕ್ಕಿಂತ ಹೆಸರಾಯಿತು. ಅದರ ಪ್ರತಿ ಮುಖದಲ್ಲೂ ಪಾನಗೋಷ್ಠಿಯ ಒಂದು ಆಜ್ಞೆ ಕೊರೆದಿತ್ತು: ಮೂರು ಬಟ್ಟಲು ಒಂದೇ ಸಲಕ್ಕೆ ಕುಡಿ, ಸದ್ದಿಲ್ಲದೆ ಕುಣಿ, ಎಲ್ಲರೂ ಸೇರಿ ಇವನ ಮೂಗಿಗೆ ಹೊಡೆಯಿರಿ. ಸಾವಿರ ವರ್ಷಕ್ಕೂ ಮಿಕ್ಕಿ ಕೆಸರಿನಲ್ಲಿ ಉಳಿದಿದ್ದ ಈ ದಾಳ, ಸಂರಕ್ಷಣೆಗೆಂದು ಒಣಗಿಸುವ ಯಂತ್ರದಲ್ಲಿಟ್ಟಾಗ ಸುಟ್ಟುಹೋಯಿತು. ಇಂದು ನೋಡಸಿಗುವುದು ಪ್ರತಿಕೃತಿ ಮಾತ್ರ.

ಪಶ್ಚಿಮ ದಡದಲ್ಲಿ ನೀರಿಗೆ ಅಂಟಿಕೊಂಡಿದ್ದ ಐದು ಕಟ್ಟಡಗಳ ನೆಲೆಗಳು ಪತ್ತೆಯಾದವು. ಮೂರರ ಮೇಲೆ ಮಂಟಪಗಳನ್ನು ಪುನರ್ನಿರ್ಮಿಸಿದರು. ಅಡಿಪಾಯಕ್ಕೆ ಸಾಕ್ಷ್ಯವಿದೆ, ಸೂರಿನ ಬಾಗು, ಬಣ್ಣ, ಕಂಬಗಳ ಎತ್ತರ ಇವೆಲ್ಲ ವಿದ್ವಾಂಸರ ಊಹೆ. ಅದನ್ನು ವಂಚನೆ ಎನ್ನಲಾಗದು. ಆದರೆ ರಾತ್ರಿಯ ದೀಪ ಊಹೆಯ ಭಾಗವನ್ನೇ ಹೆಚ್ಚು ಹೊಳೆಯಿಸುತ್ತದೆ; ಅಪ್ಪಟ ಸಿಲ್ಲಾದ್ದೆನ್ನಬಹುದಾದ ದಡದ ಬಾಗುಬಳುಕು ಮರಗಳ ನೆರಳಿಗೆ ಸರಿಯುತ್ತದೆ. ಅವಸರವಿಲ್ಲದವರು ಹಗಲಿನಲ್ಲೂ ಒಮ್ಮೆ ಸುತ್ತು ಹಾಕುವುದು ಒಳ್ಳೆಯದು.

ವೊಲ್ಜಿ ಎಂಬ ಬರಹವಿದ್ದ ಮಡಕೆ ಚೂರುಗಳ ಆಧಾರದಲ್ಲಿ 2011ರಲ್ಲಿ ತಾಣಕ್ಕೆ ದೊಂಗ್‌ಗುಂಗ್ ಮತ್ತು ವೊಲ್ಜಿ ಎಂಬ ಅಧಿಕೃತ ಹೆಸರು ಬಂತು. ಆದರೂ ಹೆಸರಿನ ಮೊದಲರ್ಧ ನೆಲೆ ನಿಲ್ಲಲಿಲ್ಲ. ಪಶ್ಚಿಮದ ದೊಡ್ಡ ಕಟ್ಟಡಗಳ ನೆಲೆಯನ್ನೇ ಯುವರಾಜನ ಅರಮನೆಯೆಂದು ದಶಕಗಳ ಕಾಲ ನಂಬಲಾಗಿತ್ತು. 2025ರ ಫೆಬ್ರುವರಿಯಲ್ಲಿ ಕೊರಿಯಾದ ಪರಂಪರೆ ಇಲಾಖೆ, ಅದು ಅರಸನದೇ ಜಾಗವಾಗಿತ್ತೆಂದೂ, ದೊಂಗ್‌ಗುಂಗ್ ಇದ್ದದ್ದು ಕೊಳದ ಪೂರ್ವಕ್ಕೆಂದೂ ಪ್ರಕಟಿಸಿತು. ಅಲ್ಲಿ ಕಟ್ಟಡಗಳ ನೆಲೆಗಳ ಜೊತೆಗೆ ಪ್ರತ್ಯೇಕವಾದೊಂದು ಕೊಳವೂ ಸಿಕ್ಕಿದೆ. ಸಂಜೆ ಸಾಲುಗಟ್ಟುವ ಜನ ದೊಂಗ್‌ಗುಂಗ್ ಎಂದು ಕ್ಯಾಮೆರಾ ತಿರುಗಿಸುವುದು ಈಗಲೂ ಪಶ್ಚಿಮದ ದೀಪಗಳ ಕಡೆಗೇ.