ಮಳೆ ತಡೆದಾಗ ರಾಗಿ ಪೈರಿನ ಒಳಗೆ

ಆಗಸ್ಟ್‌ನಲ್ಲಿ ಎರಡು ವಾರ ಮಳೆ ಕೈಕೊಟ್ಟರೆ ಕೋಲಾರದ ಕಡೆಯ ರಾಗಿ ಹೊಲಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲೆಗಳು ಸುರುಳಿ ಸುತ್ತಿಕೊಳ್ಳುತ್ತವೆ. ಸಂಜೆ ತಂಪಾದ ಮೇಲೆ ಬಿಚ್ಚಿಕೊಳ್ಳುತ್ತವೆ. ನೋಡಿದವರಿಗೆ ಪೈರು ಸೋತಿದೆ ಅನಿಸುತ್ತದೆ, ಅಲ್ವಾ? ಆದರೆ ಅದು ಸುಮ್ನೆ ಕೂತಿಲ್ಲ. ಅದರ ಜೀವಕೋಶಗಳ ಗೋಡೆಗಳಲ್ಲಿ ಕೆಲಸ ನಡೆದೇ ಇರುತ್ತದೆ.

ಈ ಗೋಡೆಗೆ ಬಲ ಕೊಡುವುದು ಸೆಲ್ಯುಲೋಸ್ ಎಳೆಗಳು. ಅವುಗಳ ನಡುವೆ ಹೆಮಿಸೆಲ್ಯುಲೋಸ್, ಪೆಕ್ಟಿನ್ ಎಂಬ ವಸ್ತುಗಳು ತುಂಬಿಕೊಂಡಿರುತ್ತವೆ. ಕೋಶದೊಳಗಿನ ನೀರು ಗೋಡೆಯನ್ನು ಸದಾ ಹೊರಕ್ಕೆ ಒತ್ತುತ್ತದೆ. ಎಷ್ಟೋ ಸಲ ಆ ಒತ್ತಡ ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡಕ್ಕಿಂತ ಎರಡು ಪಟ್ಟು ಇರುತ್ತದೆ. ಎಲೆ ನೆಟ್ಟಗೆ ನಿಲ್ಲುವುದು ಇದರಿಂದಲೇ. ರಾಗಿ ಎಲೆಯ ಮೇಲ್ಭಾಗದಲ್ಲಿ ತೆಳು ಗೋಡೆಯ ದೊಡ್ಡ ಕೋಶಗಳ ಸಾಲುಗಳಿವೆ. ನೀರು ಇಳಿದಾಗ ಅವು ಕುಗ್ಗುತ್ತವೆ, ಎಲೆ ಸುತ್ತಿಕೊಳ್ಳುತ್ತದೆ, ಬಿಸಿಲಿಗೆ ಒಡ್ಡುವ ಜಾಗ ಕಡಿಮೆಯಾಗುತ್ತದೆ.

ಬೆಳವಣಿಗೆಯ ಕತೆ ಇನ್ನೂ ಸೊಗಸು. ಕೋಶ ಹಿಗ್ಗಬೇಕಾದರೆ ಗೋಡೆ ಸ್ವಲ್ಪ ಸಡಿಲವಾಗಬೇಕು. ಆ ಕೆಲಸ ಮಾಡುವ ಎಕ್ಸ್‌ಪ್ಯಾನ್ಸಿನ್ ಎಂಬ ಪ್ರೋಟೀನನ್ನು ಅಮೆರಿಕದ ಸಸ್ಯವಿಜ್ಞಾನಿ ಡೇನಿಯಲ್ ಕಾಸ್‌ಗ್ರೋವ್ ಅವರ ತಂಡ 1992ರಲ್ಲಿ ಸೌತೆ ಸಸಿಗಳಲ್ಲಿ ಗುರುತಿಸಿತು. ಬರ ಬಂದಾಗ ಎಲೆ ಬೆಳೆಯುವುದು ಬೇಗ ನಿಲ್ಲುತ್ತದೆ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಕೆಲಸ ಕುಂಠಿತವಾಗುವ ಮೊದಲೇ ನಿಲ್ಲುತ್ತದೆ. ಅಲ್ಲಿನ ಗೋಡೆಗಳು ಬಿಗಿಯಾಗುವುದೂ ಇದಕ್ಕೊಂದು ಕಾರಣ.

ಬೇರಿನ ತುದಿಯಲ್ಲಿ ನಡೆಯುವುದು ಇದಕ್ಕೆ ತೀರಾ ಉಲ್ಟಾ. ಸಸ್ಯವಿಜ್ಞಾನಿ ರಾಬರ್ಟ್ ಶಾರ್ಪ್ ಮತ್ತು ಸಂಗಡಿಗರು ಮೆಕ್ಕೆಜೋಳದ ಸಸಿಗಳನ್ನು, ಮಣ್ಣಿನ ಬದಲು ಬಳಸುವ ಒಣ ಮಾಧ್ಯಮದಲ್ಲಿ ಬೆಳೆಸಿ ನೋಡಿದರು. ತುದಿಯ ಮೊದಲ ಕೆಲವು ಮಿಲಿಮೀಟರ್ ಮಾತ್ರ ಮೊದಲಿನಂತೆ ಉದ್ದವಾಗುತ್ತಿತ್ತು. ಅದರ ಹಿಂದಿನ ಭಾಗ ನಿಧಾನವಾಯಿತು. ತುದಿಯಲ್ಲಿ ಒಳಒತ್ತಡ ಇಳಿದಿದ್ದರೂ ಎಕ್ಸ್‌ಪ್ಯಾನ್ಸಿನ್ ಹೆಚ್ಚಾಗಿ, ಗೋಡೆ ಇನ್ನೂ ಸುಲಭವಾಗಿ ಹಿಗ್ಗುವಂತಾಗಿತ್ತು. ಒಂದೇ ಗಿಡ, ಒಂದೇ ಬರ. ಮೇಲೆ ಬಿಗಿ, ಕೆಳಗೆ ಸಡಿಲ. ಇರುವ ಅಷ್ಟಿಷ್ಟು ಶಕ್ತಿ ನೀರು ಹುಡುಕುವ ಕಡೆಗೆ ಹೋಗುತ್ತದೆ. ಮೆದುಳಿಲ್ಲದ ಜೀವ ಇಷ್ಟನ್ನು ಹೊಂದಿಸಿಕೊಳ್ಳುವುದು ನನಗೆ ಇವತ್ತಿಗೂ ದೊಡ್ಡ ಬೆರಗು.

ಪಾವಗಡ, ಶಿರಾ ಕಡೆಯ ಕಡಲೆಕಾಯಿ ಬೆಳೆಗಾರರು ಹೂ ಬಿಡುವ ಹೊತ್ತಿಗೆ ಜಿಪ್ಸಂ ಹಾಕುವುದಕ್ಕೂ ಈ ಗೋಡೆಗೂ ನಂಟಿದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಬೇರು ಹೀರಿದ ಕ್ಯಾಲ್ಸಿಯಂ ಎಲೆಗೆ ಹೋಗುತ್ತದೆ, ಅಲ್ಲಿಂದ ಕೆಳಗಿನ ಕಾಯಿಗೆ ಇಳಿಯುವುದು ತೀರಾ ಕಡಿಮೆ. ಹಾಗಾಗಿ ಕಾಯಿ ತನ್ನ ಪಾಲನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಬೇಕು. ಅದಕ್ಕೆ ಮಣ್ಣಿನಲ್ಲಿ ತೇವ ಬೇಕು. ಮೇಲ್ಮಣ್ಣು ಒಣಗಿಬಿಟ್ಟರೆ ಜಿಪ್ಸಂ ಹಾಕಿದ್ದರೂ ಕಾಯಿಗೆ ಸಿಗುವುದಿಲ್ಲ. ಕಾಯಿ ಜೊಳ್ಳಾಗುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ಜಿಪ್ಸಂ ಅನ್ನು ಮಣ್ಣು ಹಸಿ ಇದ್ದಾಗಲೇ, ಕಾಯಿ ಕಟ್ಟುವ ಬುಡಕ್ಕೇ ಹಾಕಬೇಕು.