ಒಬ್ಬ ಅಜ್ಜನ ಕಾಲಲ್ಲಿ ಉಳಿದ ಒದೆಯಾಟ

ಕೊರಿಯಾದ ಸಮರಕಲೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಟೇಕ್ವಾಂಡೊ. ಆದರೆ ಆ ಹೆಸರು ಬಂದದ್ದೇ 1955ರಲ್ಲಿ. ಅದನ್ನು ಕಟ್ಟಿದ ಮೊದಲ ತಲೆಮಾರಿನ ಗುರುಗಳಲ್ಲಿ ಹಲವರು ಜಪಾನಿನಲ್ಲಿ ಕರಾಟೆ ಕಲಿತವರು. ಅದಕ್ಕಿಂತ ಹಳೆಯದಾದ ಇನ್ನೊಂದು ಒದೆಯಾಟ ಕೊರಿಯಾದ ಬೀದಿಗಳಲ್ಲೇ ಬೆಳೆದಿತ್ತು. ಅದೇ ಟೆಕ್ಯೊನ್.

ಎಷ್ಟು ಹಳೆಯದು? ಎರಡು ಸಾವಿರ ವರ್ಷ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಅದಕ್ಕೆ ತೋರಿಸುವ ಸಾಕ್ಷಿ ಕೊರಿಯಾದ ಹಳೆಯ ರಾಜ್ಯ ಗೊಗುರ್ಯೊ ಕಾಲದ ಸಮಾಧಿಯೊಂದರ ಗೋಡೆಚಿತ್ರ. ಇಬ್ಬರು ಗಂಡಸರು ಎದುರುಬದುರು ನಿಂತು ಕೈಕಾಲು ಚಾಚಿದ್ದಾರೆ. ಅಷ್ಟೇ. ಅದು ಯಾವ ಕಾಳಗವಾದರೂ ಆಗಿರಬಹುದು ಅಲ್ವಾ? ನನಗಂತೂ ಆ ಚಿತ್ರಕ್ಕಿಂತ ಆಮೇಲಿನ ದಾಖಲೆಗಳ ಮೇಲೆಯೇ ನಂಬಿಕೆ ಜಾಸ್ತಿ. 1798ರ ಒಂದು ಕೊರಿಯನ್ ಪದಕೋಶದಲ್ಲಿ ಈ ಆಟದ ಹೆಸರಿದೆ. 1846ರದ್ದೆನ್ನುವ ಚಿತ್ರವೊಂದರಲ್ಲಿ ಜನ ಸುತ್ತ ಕೂತು ನೋಡುತ್ತಿದ್ದಾರೆ. ನಡುವೆ ಒಂದು ಜೋಡಿ ಕುಸ್ತಿಗೆ ಬಿದ್ದಿದೆ, ಇನ್ನೊಂದು ಜೋಡಿ ಟೆಕ್ಯೊನ್ ಆಡಲು ನಿಂತಿದೆ.

ಎಲ್ಲಕ್ಕಿಂತ ಚೆನ್ನಾದ ವಿವರ ಸಿಗುವುದು ಅಮೆರಿಕದ ಸ್ಟುವರ್ಟ್ ಕ್ಯೂಲಿನ್ 1895ರಲ್ಲಿ ಕೊರಿಯಾದ ಆಟಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಇಬ್ಬರೂ ಕಾಲು ಅಗಲಿಸಿ ಎದುರೆದುರು ನಿಲ್ಲಬೇಕು. ಯಾವುದಾದರೂ ಒಂದು ಕಾಲನ್ನು ಒಂದು ಹೆಜ್ಜೆ ಹಿಂದಿಡಬಹುದು. ಹಾಗಾಗಿ ಪಾದಗಳಿಗೆ ಇರುವುದು ಒಟ್ಟು ಮೂರೇ ಜಾಗ. ಎದುರಾಳಿಯ ಕಾಲಿಗೆ ಒದ್ದು ಬೀಳಿಸಬೇಕು. ಮೇಲಕ್ಕೆ ಒದೆ ಬಂದರೆ ಕೈಯಲ್ಲಿ ಹಿಡಿಯಬಹುದು.

ಈ ಮೂರು ಜಾಗಗಳ ತ್ರಿಕೋನವೇ ಇವತ್ತಿಗೂ ಟೆಕ್ಯೊನ್‌ನ ತಳಪಾಯ. ಆಟಗಾರ ಮೂರು ತಾಳದ ಲಯದಲ್ಲಿ ಮಂಡಿ ಬಗ್ಗಿಸುತ್ತಾ ಹೆಜ್ಜೆ ಹಾಕುತ್ತಾನೆ, ತೋಳು ಬೀಸುತ್ತಾನೆ, 'ಇಕ್, ಎಕ್' ಅಂತ ಉಸಿರು ಬಿಡುತ್ತಾನೆ. ನೋಡುವವರಿಗೆ ಕುಣಿತದ ಹಾಗೆ ಕಾಣುತ್ತದೆ. ಆದರೆ ಹೆಜ್ಜೆ ಬದಲಿಸುವಾಗ ಪ್ರತಿ ಸಲವೂ ಒಂದು ಗಳಿಗೆ ಇಡೀ ಮೈಭಾರ ಒಂದೇ ಕಾಲಿನ ಮೇಲೆ ಬರುತ್ತದೆ. ಆ ಗಳಿಗೆಯಲ್ಲಿ ಎದುರಾಳಿ ಆ ಪಾದವನ್ನು ಪಕ್ಕಕ್ಕೆ ಎಳೆದರೆ ದೇಹದ ಗುರುತ್ವ ಕೇಂದ್ರದ ಕೆಳಗೆ ಆಸರೆಯೇ ಇರುವುದಿಲ್ಲ. ಆಗ ಎಂಥ ಬಲಶಾಲಿಯೂ ಕೆಳಗೆ ಬೀಳಬೇಕಾದ್ದೇ. ಎದುರಾಳಿಯನ್ನು ಕೆಡವಿದರೆ ಗೆಲುವು. ತಲೆಗೆ ಸರಿಯಾಗಿ ಒದೆ ತಾಗಿಸಿದರೂ ಗೆಲುವು.

ಒದೆಯಲ್ಲೂ ಒಂದು ಜಾಣತನವಿದೆ. ಮೈಗೆ ಒದೆಯುವಾಗ ಪಟ್ ಅಂತ ಹೊಡೆಯುವುದಿಲ್ಲ, ಪಾದವಿಟ್ಟು ತಳ್ಳುತ್ತಾರೆ. ಬಾಗಿಲನ್ನು ಗುದ್ದುವುದಕ್ಕೂ ದೂಡುವುದಕ್ಕೂ ಇರುವಷ್ಟೇ ವ್ಯತ್ಯಾಸ ಇದು. ಸಂವೇಗದ ಬದಲಾವಣೆ ಎರಡರಲ್ಲೂ ಒಂದೇ ಇದ್ದರೆ, ಪಾದ ತಾಗಿರುವ ಸಮಯ ಹತ್ತು ಪಟ್ಟು ಹೆಚ್ಚಿದಾಗ ಸರಾಸರಿ ಬಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ಎದುರಿಗಿದ್ದವನು ಹಿಂದಕ್ಕೆ ಹೋಗಿ ಬೀಳುತ್ತಾನೆ, ಪಕ್ಕೆಲುಬು ಉಳಿಯುತ್ತದೆ. ಊರೂರುಗಳ ನಡುವೆ ಹಬ್ಬಕ್ಕೆ ಆಡುವ ಆಟಕ್ಕೆ ಇದು ಬೇಕೇ ಬೇಕಲ್ಲ!

1910ರಿಂದ 1945ರವರೆಗಿನ ಜಪಾನಿ ಆಳ್ವಿಕೆಯಲ್ಲಿ ಈ ಆಟ ಹೆಚ್ಚುಕಮ್ಮಿ ಮರೆಯಾಯಿತು. ಉಳಿಸಿಕೊಂಡವರು ಸೋಲ್‌ನ ಸೊಂಗ್ ಡೊಕ್‌ಗಿ. 1893ರಲ್ಲಿ ಹುಟ್ಟಿದ ಇವರು ಹುಡುಗರಾಗಿದ್ದಾಗ ಇಮ್ ಹೊ ಎಂಬ ಗುರುವಿನ ಬಳಿ ಕಲಿತಿದ್ದರು. ಬಿಲ್ಲುಗಾರಿಕೆಯಲ್ಲೂ ಪಳಗಿದವರು. ಮುಂದೆ ಚುಂಗ್‌ಜುವಿನ ಕುಸ್ತಿಪಟು ಶಿನ್ ಹಾನ್‌ಸುಂಗ್ ಇವರ ಬಳಿ ಕಲಿತು, ಪಟ್ಟುಗಳನ್ನೆಲ್ಲ ಪಾಠದ ಕ್ರಮಕ್ಕೆ ತಂದರು. 1983ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಟೆಕ್ಯೊನ್ ಅನ್ನು 76ನೇ ಅಮೂರ್ತ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಗುರು ಶಿಷ್ಯರಿಬ್ಬರೂ 1987ರಲ್ಲೇ ತೀರಿಕೊಂಡರು.

2011ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯಲ್ಲೂ ಜಾಗ ಸಿಕ್ಕಿತು. ಜಗಳ ಮಾತ್ರ ಮುಗಿದಿಲ್ಲ. ಸೊಂಗ್ ಅಜ್ಜ ಆಡಿದ್ದು ಬೀದಿಯ ಆಟ, ಶಿನ್ ಕೊಟ್ಟದ್ದು ಪಠ್ಯಕ್ರಮ. ಇವೆರಡರಲ್ಲಿ ಯಾವುದು ನಿಜವಾದ ಟೆಕ್ಯೊನ್ ಎಂದು ಬೇರೆ ಬೇರೆ ಸಂಘಗಳು ಇವತ್ತಿಗೂ ವಾದ ಮಾಡುತ್ತಲೇ ಇವೆ.